ಕಣ್ಣಲ್ಲಿ ಏನೂ ತೊಂದರೆ ಇಲ್ಲ

“ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ಚೆನ್ನಾಗಿತ್ತಾ?”

ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ, ಮೂಗಿನ ಮೇಲೆ ಭಾರದ ಫ್ರೇಮ್ ಹೊತ್ತು ಕೂತಿದ್ದ ಲೇಖಕಿಗೆ ಎದುರಿನ ಅಕ್ಷರಗಳೆಲ್ಲ ಮರೆತುಹೋದವು. ಈ ದನಿ ಅವಳಿಗೆ ಗೊತ್ತು. ಮುಖ ಗೊತ್ತಿಲ್ಲ, ದನಿ ಗೊತ್ತು.

“ಮೇಡಂ, ನಿದ್ದೆ ಬಂತಾ?”

“ಇಲ್ಲ. ಇನ್ನೊಂದ್ಸಲ ಹೇಳಿ.”

“ಏನನ್ನ?”

“ಏನಾದ್ರೂ.”

ಕಣ್ಣು ಪರೀಕ್ಷಿಸುತ್ತಿದ್ದವನು ಮೆಲ್ಲನೆ ನಕ್ಕ. ಲೆನ್ಸ್ ಬದಲಿಸುವಾಗ ಅವನ ಬೆರಳು ಅವಳ ಕಿವಿಯ ಹತ್ತಿರ ಹಾದುಹೋಯಿತು, ತಾಗಲಿಲ್ಲ. ತಾಗದ್ದಕ್ಕೇ ಕಿವಿ ಬಿಸಿಯಾಯಿತು. ಆ ನಾಚಿಕೆಯ ಹಿಂದೆಯೇ ಇನ್ನೊಂದು ನಾಚಿಕೆ ಬಂತು, ಕದ್ದವರಿಗೆ ಬರುವಂಥದ್ದು.

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವ ಅವಳ ವಯಸ್ಸು ಮೂವತ್ತು ದಾಟಿತ್ತು. ಈಗಿನ ಹುಡುಗರು ಹೇಗೆ ಮಾತಾಡುತ್ತಾರೆಂದು ಕಲಿಯಲು ಅವಳು ಕಂಡುಕೊಂಡ ದಾರಿ ಒಂದೇ: ಸಂಜೆಯ ಬಸ್ಸು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಹಾಡು ಹಾಕದೆ ಕೂರುವುದು. ಆಗ ಯಾರೂ ದನಿ ತಗ್ಗಿಸುವುದಿಲ್ಲ. ಅವಳ ಅಕ್ಕ ಇದನ್ನು ಮರ್ಯಾದಸ್ಥರ ಕಳ್ಳತನ ಎನ್ನುತ್ತಿದ್ದಳು.

ಹಾಗೆ ಒಂದು ಸಂಜೆ ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ತನ್ನಷ್ಟಕ್ಕೆ, ಪಾಠ ಒಪ್ಪಿಸುವವನಂತೆ ಗೊಣಗುತ್ತಿದ್ದ. “ನೀವು ಎದುರಿಗೆ ಬಂದ್ರೆ ಮಿಕ್ಕಿದ್ದೆಲ್ಲ ಮಸುಕಾಗುತ್ತೆ. ಕಣ್ಣು ಟೆಸ್ಟ್ ಮಾಡ್ಕೊಂಡೆ. ಕಣ್ಣಲ್ಲಿ ಏನೂ ತೊಂದ್ರೆ ಇಲ್ಲ.” ಮತ್ತೆ ಮೊದಲಿಂದ. ಮರುವಾರವೂ ಅದೇ. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಿದ್ದ.

ಆ ಮಾತನ್ನು ತನ್ನ ಮೂರನೇ ಕಾದಂಬರಿಯ ಹುಡುಗನ ಬಾಯಿಗೆ ಹಾಕಿದಳು. ಮೊದಲೆರಡು ಪುಸ್ತಕಗಳನ್ನು ಕೇಳುವವರೇ ಇರಲಿಲ್ಲ. ಇದು ಕೈಯಿಂದ ಕೈಗೆ ಓಡಿತು. ಹುಡುಗಿಯರು ಆ ಸಾಲನ್ನು ಬ್ಯಾಗಿನ ಮೇಲೆ, ಫೋನಿನ ಕವರಿನ ಮೇಲೆ ಬರೆದುಕೊಂಡರು. ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: “ಹಾಗೇ ಹೊಳೀತು.”

ದೀಪ ಹಾಕಿದಾಗ ಮುಖ ಕಂಡಿತು. ಊರವರ ಕನ್ನಡಕ ಸರಿಮಾಡುವವನ ಕನ್ನಡಕವೇ ಒಂದು ಕಡೆ ಜಾರಿತ್ತು.

“ಕಣ್ಣಿಗೆ ಕೆಲಸ ಜಾಸ್ತಿ ಕೊಡ್ತೀರಿ. ಏನ್ ಮಾಡ್ಕೊಂಡಿದೀರಿ?”

“ಬರೀತೀನಿ. ಹದಿಹರೆಯದ ಮಕ್ಕಳಿಗೆ.” ಪುಸ್ತಕದ ಹೆಸರು ಹೇಳಿದಳು.

ಚೀಟಿಯಲ್ಲಿ ಪವರ್ ಬರೆಯುತ್ತಿದ್ದ ಅವನ ಕೈ ನಿಂತಿತು.

“ನಿಮ್ಮಿಂದ ನನ್ನ ಮಾನ ಹೋಗಿದೆ ಮೇಡಂ,” ಎಂದ, ನಗುತ್ತಲೇ. “ಪಕ್ಕದ ಮೆಡಿಕಲ್ ಶಾಪಲ್ಲಿ ಒಬ್ರು ಇದ್ರು. ಅವರಿಗೆ ಹೇಳೋಕೆ ಒಂದು ಮಾತು ಹೊಂದಿಸ್ಕೊಂಡಿದ್ದೆ. ಧೈರ್ಯ ಬರೋಕೆ ವರ್ಷ ಹಿಡೀತು. ಹೇಳಿದ್ರೆ ಬಿದ್ದು ಬಿದ್ದು ನಕ್ರು. ಇದು ನನ್ನ ತಂಗಿ ಓದೋ ಪುಸ್ತಕದಲ್ಲಿದೆ, ಈ ವಯಸ್ಸಲ್ಲಿ ಕಾಪಿ ಹೊಡೀತೀರಲ್ಲ ಅಂದ್ರು. ಅವತ್ತಿಂದ ಬೀದಿಗೆಲ್ಲ ನಾನು ಕಾಪಿ ಮಾಸ್ಟರ್.”

“ಆದ್ರೆ ಅದು ನಿಮ್ಮದೇ...”

“ನಾನೂ ಹಾಗೇ ಅಂದ್ಕೊಂಡಿದ್ದೆ. ಪುಸ್ತಕ ತಂದು ನೋಡಿದ್ರೆ ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಲ್ಲೋ ಕೇಳಿ ಮರ್ತಿರ್ತೀನಿ. ಗೊತ್ತಾಗದೆ ಕದ್ದುಬಿಟ್ಟೆ. ಹೇಗೂ ನೀವೇ ಸಿಕ್ಕಿದೀರಿ, ಕ್ಷಮಿಸಿಬಿಡಿ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. “ಪರವಾಗಿಲ್ಲ,” ಎಂದುಬಿಟ್ಟಳು. ಆ ಒಂದು ಪದಕ್ಕಾಗಿ ಅವಳು ಆಮೇಲೆ ತನ್ನನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಹೇಳಿಬಿಡಬೇಕೆಂದು ಮರುವಾರ ಹೋದಳು. ಕನ್ನಡಕ ಮೂಗು ಒತ್ತುತ್ತದೆ ಎಂದು ದೂರಿ ಬಂದಳು. ಆಮೇಲೆ ಸ್ಕ್ರೂ ಸಡಿಲ, ಆಮೇಲೆ ಕಿವಿಯ ಹಿಂದೆ ಉರಿ. ಪ್ರತಿ ಸಲ ಅವನು ಅವಳ ಕನ್ನಡಕವನ್ನು ಎರಡೂ ಕೈಯಲ್ಲಿ ತೆಗೆದು, ಉಸಿರು ಊದಿ, ಒರೆಸಿ ಮತ್ತೆ ಹಾಕುತ್ತಿದ್ದ. ನೆಟ್ಟಗೆ ಕೂತಿದೆಯೇ ಎಂದು ನೋಡುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದ. ಅವಳು ಗೋಡೆಯ ಅಕ್ಷರಗಳನ್ನು ಓದುತ್ತಿದ್ದಳು. ಅವೂ ಬಾಯಿಪಾಠವಾಗಿದ್ದವು.

“ಇದಕ್ಕೆ ಏನೂ ಆಗಿಲ್ಲ,” ಎಂದ ಒಮ್ಮೆ.

“ಗೊತ್ತು.”

“ಮತ್ತೆ?”

“ಮುಂದಿನ ವಾರ ಹೇಳ್ತೀನಿ.”

“ಸ್ಕ್ರೂ ಸಡಿಲ ಆಗಿರೋದು ಕನ್ನಡಕದ್ದಲ್ಲ ಕಣೇ,” ಎಂದು ಮನೆಯಲ್ಲಿ ಅಕ್ಕ ನಕ್ಕಳು. ಎಲ್ಲ ಕೇಳಿದ ಮೇಲೆ ಅಕ್ಕನ ನಗು ನಿಂತಿತು. “ಕದ್ದಿದ್ದು ನೀನು, ಕ್ಷಮೆ ಕೇಳಿದ್ದು ಅವನು. ಹೇಳಿದ್ರೆ ಅವನು ಹೋಗಬಹುದು. ಹೇಳದೆ ಇದ್ರೆ ಅವನ ಮುಖ ಹೇಗೆ ನೋಡ್ತೀಯ?”

ಅವಳು ಆಗಲೇ ನೋಡುತ್ತಿರಲಿಲ್ಲ.

ಲೈಬ್ರರಿಯಲ್ಲಿ ಓದುಗರ ಜೊತೆ ಮಾತುಕತೆಯಿತ್ತು. ಅವಳು ಕರೆದಿರಲಿಲ್ಲ, ಹೊರಗಿನ ಪೋಸ್ಟರ್ ನೋಡಿ ಅವನೇ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಹುಡುಗಿಯೊಬ್ಬಳು ಎದ್ದು ನಿಂತು ಎಂದಿನ ಪ್ರಶ್ನೆ ಕೇಳಿದಳು. “ಆ ಸಾಲು ನಿಮಗೆ ಹೇಗೆ ಹೊಳೀತು?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕೊನೆಯ ಸಾಲಿನಲ್ಲಿ ಅವನು ಅವಳ ಬಗ್ಗೆ ಹೆಮ್ಮೆಪಟ್ಟು ನಗುತ್ತಿದ್ದ. ಆ ಹೆಮ್ಮೆಯನ್ನು ಅವಳಿಂದ ತಾಳಲಾಗಲಿಲ್ಲ.

“ನನಗೆ ಹೊಳೀಲಿಲ್ಲ,” ಎಂದಳು. ಮೈಕಿನಲ್ಲಿ ತನ್ನ ದನಿ ಕೇಳಿ ತಾನೇ ಹೆದರಿದಳು. “ಬಸ್ಸಲ್ಲಿ ಹಿಂದಿನ ಸೀಟಲ್ಲಿ ಒಬ್ರು, ಯಾರಿಗೋ ಹೇಳೋಕೆ ಪ್ರಾಕ್ಟೀಸ್ ಮಾಡ್ತಿದ್ರು. ನಾನು ಇಯರ್‌ಫೋನ್ ಹಾಕ್ಕೊಂಡು, ಏನೂ ಕೇಳಿಸದೇ ಇರೋರ ಹಾಗೆ ಕೂತು, ಬರ್ಕೊಂಡೆ. ಅವರು ಹೇಳೋ ಹೊತ್ತಿಗೆ ಅದು ನನ್ನ ಮಾತಾಗಿತ್ತು. ಎಲ್ರೂ ಅವರನ್ನೇ ಕಾಪಿ ಮಾಸ್ಟರ್ ಅಂದ್ರು. ಕಾಪಿ ಹೊಡೆದೋಳು ನಾನು. ಅವರು ನನ್ನತ್ರ ಕ್ಷಮೆ ಕೇಳಿದಾಗ್ಲೂ ಸುಮ್ನಿದ್ದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಶ್ನೆ ಕೇಳಿದ ಹುಡುಗಿ ತನ್ನ ಬ್ಯಾಗನ್ನು ಮಗುಚಿ, ಸಾಲು ಕಾಣದಂತೆ ತೊಡೆಯ ಮೇಲಿಟ್ಟುಕೊಂಡಳು. ಲೇಖಕಿ ಮತ್ತೆ ತಲೆಯೆತ್ತಿದಾಗ ಕೊನೆಯ ಸಾಲಿನ ಅವನ ಕುರ್ಚಿ ಖಾಲಿಯಿತ್ತು.

ಮಾರನೆಯ ದಿನ ಅಂಗಡಿಗೆ ಹೋದಳು. ನೆಪ ಒಯ್ಯಲಿಲ್ಲ.

“ಬೈಯಿರಿ,” ಎಂದಳು.

ಅವನು ಫ್ರೇಮ್ ಒರೆಸುತ್ತಲೇ ಇದ್ದ. “ಮೆಡಿಕಲ್ ಶಾಪಿನೋರು ನಕ್ಕಿದ್ದು ಎಂದೋ ಮರ್ತೆ ಮೇಡಂ. ಆದ್ರೆ ಏನು ಮಾತಾಡೋಕೆ ಹೋದ್ರೂ ಇದು ನಂದಾ, ಬೇರೆಯವರದ್ದಾ ಅಂತ ಅನುಮಾನ. ನನ್ನ ಮೇಲೇ ನನಗೆ ನಂಬಿಕೆ ಹೋಗಿತ್ತು. ಅದನ್ನ ನೀವು ವಾರವಾರ ಬಂದು ನೋಡ್ಕೊಂಡು ಹೋದ್ರಿ.”

ಅವಳು ತಲೆ ತಗ್ಗಿಸಿದಳು. “ಮುಂದಿನ ಮುದ್ರಣದಲ್ಲಿ ಆ ಸಾಲು ಬೇಡ ಅಂತ ಪ್ರಕಾಶಕರಿಗೆ ಹೇಳಿದೀನಿ.”

“ಇರ್ಲಿ ಬಿಡಿ. ನಿಮ್ಮ ಪುಸ್ತಕದ ಹುಡುಗನಿಗಾದ್ರೂ ಕೆಲಸಕ್ಕೆ ಬಂತು.” ತುಟಿಯ ಅಂಚು ಸ್ವಲ್ಪ ಅಲುಗಿತು. “ನಿನ್ನೆಯೆಲ್ಲ ಸಿಟ್ಟಿತ್ತು. ಬೆಳಿಗ್ಗೆ ಎದ್ದಾಗ ಖುಷಿಯಾಯ್ತು. ಅದು ನಂದೇ ಅಂತ ಗೊತ್ತಾಯ್ತಲ್ಲ. ಅಂದ್ಮೇಲೆ ಹೊಸದೂ ನಂದೇ ಇರ್ಬೇಕು.”

“ಹೊಸದಾ?”

“ನೀವು ಮೂಗು ಒತ್ತುತ್ತೆ ಅಂತ ಬಂದ ದಿನದಿಂದ ಹೊಂದಿಸ್ತಿದೀನಿ. ಇವತ್ತು ಯಾರೂ ಕದ್ದು ಕೇಳ್ಬಾರ್ದು ಅಂತ ಬಸ್ಸು ಬಿಟ್ಟು ನಡ್ಕೊಂಡು ಬಂದೆ.”

ಕೌಂಟರಿನ ಆಚೆಯಿಂದ ಕೈ ಚಾಚಿ ಅವನು ಅವಳ ಕನ್ನಡಕ ತೆಗೆದು ಗಾಜಿನ ಮೇಲಿಟ್ಟ. ಅಂಗಡಿ ಮಸುಕಾಯಿತು, ಅವನೂ ಮಸುಕಾದ. ದನಿ ಮಾತ್ರ ಹತ್ತಿರ ಬಂತು.

“ಕೈಯಲ್ಲಿ ಪೆನ್ನು ಇದ್ಯಾ?”

“ಇಲ್ಲ.”

“ಕಿವೀಲಿ?”

“ಏನೂ ಇಲ್ಲ.”

ಅವನು ಹೇಳಿದ. ಒಂದು ಕಡೆ ತಡವರಿಸಿ ಮತ್ತೆ ಮೊದಲಿಂದ ಹೇಳಿದ. ಅವಳು ಅಳುತ್ತಾ ಹೂಂ ಎಂದಳು.

ಅದಾದ ಮೇಲೆ ಅವಳು ಇನ್ನೂ ಕಾದಂಬರಿಗಳನ್ನು ಬರೆದಿದ್ದಾಳೆ. ಅವುಗಳಲ್ಲಿ ಹುಡುಗರು ಹುಡುಗಿಯರಿಗೆ ಏನೇನೋ ಹೇಳುತ್ತಾರೆ. ಅಂಗಡಿಯಲ್ಲಿ ಅವತ್ತು ಅವನು ಹೇಳಿದ ಮಾತು ಮಾತ್ರ ಯಾವುದರಲ್ಲೂ ಇಲ್ಲ.