ಹೊಳೆಗೆ ಎದುರಾಗಿ ಬಂದ ದಿಮ್ಮಿ

"ಅಬ್ಬಾ, ಏನು ಬಾಯಿ ಮಾರಾಯ್ರೆ ಇದು! ಕಣ್ಣು ಮಾತ್ರ ಚೆನ್ನಾಗಿದೆ."

ನೋಯ್ಡಾದ ನಮ್ಮ ಎಡಿಟಿಂಗ್ ರೂಮಿನಲ್ಲಿ ಕ್ಯಾಮೆರಾಮನ್ ಅನಂತರಾಮ ನನ್ನೆದುರೇ ಕನ್ನಡದಲ್ಲಿ ಹೀಗೆ ಗೊಣಗಿದ. ಶೂಟಿಂಗ್ ಮಾಡುವಾಗ ಬಾಯಿ ಮುಚ್ಚಿಕೊಂಡಿರಿ, ಹಕ್ಕಿಗಿಂತ ನಿಮ್ಮ ಸದ್ದೇ ಜಾಸ್ತಿ ಎಂದು ಹಿಂದಿಯಲ್ಲಿ ದಬಾಯಿಸಿದ್ದಕ್ಕೆ ನನಗೆ ಸಿಕ್ಕ ಮರ್ಯಾದೆ ಅದು. ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ನನ್ನ ಹಿಂದಿ ಕೇಳಿ ಪಂಜಾಬಿ ಅಂದುಕೊಂಡಿದ್ದ, ಪಾಪ. ನಮ್ಮ ಮನೆಮಾತು ಕನ್ನಡ ಎಂದು ಹೇಳಬಹುದಿತ್ತು. ಆದರೆ ಕಳ್ಳ, ಇನ್ನೊಮ್ಮೆ ನನ್ನ ಕಣ್ಣನ್ನೇ ನೋಡಿದನಲ್ಲ, ಹೇಳಲು ಮನಸ್ಸಾಗಲಿಲ್ಲ.

ಆಮೇಲೆ ಅವನು ಒರಿಸ್ಸಾದ ಕಡಲಂಚಿನಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡಿಗೆ ಹೋದ. ಅಲ್ಲಿಂದ ಕೊರಿಯರಿನಲ್ಲಿ ಟೇಪುಗಳು ಬರುತ್ತಿದ್ದವು. ಕೆಸರಿನಿಂದ ಮೇಲೆದ್ದ ಬೇರುಗಳು, ಒಂದೇ ಕೈ ದೊಡ್ಡದಿರುವ ಕೆಂಪು ಏಡಿ, ನೀಲಿ ಮಿಂಚುಳ್ಳಿ. ಜೊತೆಗೆ ಅವನ ಗೊಣಗಾಟ: "ಏ ಏಡಿ, ನೆಟ್ಟಗೆ ನಿಂತ್ಕೋ. ನೋಯ್ಡಾ ಮೇಡಮ್ ಬೈತಾಳೆ." ಹೆಡ್‌ಫೋನ್ ಹಾಕಿಕೊಂಡು ನಾನೊಬ್ಬಳೇ ನಗುತ್ತಿದ್ದೆ.

ಒಂದು ದಿನ ಬಂದ ಟೇಪಿನಲ್ಲಿ ಅವನು ಸಂಜೆಯ ಹೊಳೆಯತ್ತ ಕ್ಯಾಮೆರಾ ನಿಲ್ಲಿಸಿ, ತಾನು ಘಾಟಿನ ಮೆಟ್ಟಿಲಿಳಿದು, ಬಕೆಟ್ಟಿನಲ್ಲಿ ನೀರೆತ್ತಿ ಕಾಲಿನ ಕೆಸರು ತೊಳೆಯುತ್ತಿದ್ದ. "ಮೇಡಮ್ಮಿಗೆ ಕನ್ನಡ ಬರ್ತಿದ್ರೆ ಕೇಳೇಬಿಡ್ತಿದ್ದೆ," ಎಂದ ನೀರಿಗೆ. "ನನ್ನ ಮದುವೆ ಆಗ್ತೀಯಾ ಅಂತ."

ಇನ್ನೊಮ್ಮೆ ಕೇಳಲು ಟೇಪನ್ನು ಮೊದಲಿಗೇ ಓಡಿಸಿ, ಆ ಮಾತು ಬರುವವರೆಗೆ ತಡೆಯಲಾರದೆ ಫಾಸ್ಟ್ ಫಾರ್ವರ್ಡ್ ಒತ್ತಿದೆ. ಎಲೆ, ನೊರೆ ಎಲ್ಲ ಕಡಲ ಕಡೆ ಹರಿಯುತ್ತಿದ್ದವು. ಒಂದು ದಿಮ್ಮಿ ಮಾತ್ರ ಹೊಳೆಗೆ ಎದುರಾಗಿ ಅವನತ್ತ ಬರುತ್ತಿತ್ತು.

ಹಿಂದಿನ ಟೇಪುಗಳನ್ನು ಹಾಕಿದೆ. ದಿನಾ ಸಂಜೆ ಅದೇ ಮೆಟ್ಟಿಲು, ಅದೇ ಅವನು, ಅದೇ ದಿಮ್ಮಿ. ದಿನದಿಂದ ದಿನಕ್ಕೆ ಹತ್ತಿರ. ಅದು ಮೊಸಳೆ. ಅವನು ಬರುವ ಹೊತ್ತನ್ನು ಕಲಿತುಬಿಟ್ಟಿತ್ತು.

ಟೇಪ್ ಬಂದು ಸೇರುವಷ್ಟರಲ್ಲಿ ಎಷ್ಟು ಸಂಜೆ ಕಳೆದಿದ್ದವೋ! ಕಿಟಕಿಯಾಚೆ ನೋಯ್ಡಾದ ಬಿಸಿಲು ಇಳಿಯುತ್ತಿತ್ತು. ಅಲ್ಲಿ ನಮಗಿಂತ ಬೇಗ ಕತ್ತಲಾಗುತ್ತದೆ. ಅವನ ಮೊಬೈಲ್ ಸಿಗಲಿಲ್ಲ. ಘಾಟಿನ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಹಚ್ಚಿದೆ.

"ಸಾಬ್? ಅಭೀ ನೀಚೇ ಗಯೇ ಹೈಂ, ಪೈರ್ ಧೋನೇ," ಎಂದ ಬೂತಿನವನು. ಕಾಲು ತೊಳೆಯಲು ಆಗಷ್ಟೇ ಕೆಳಗಿಳಿದಿದ್ದನಂತೆ.

"ಭಯ್ಯಾ, ಮೈಂ ಹರಿಣಿ, ನೋಯ್ಡಾ ಸೇ. ಬುಲಾವೋ! ಜಲ್ದೀ!"

ಅವನು ರಿಸೀವರ್ ಕೆಳಗಿಟ್ಟು ಕೂಗುತ್ತಾ ಹೋದ. ಅಲ್ಲೆಲ್ಲೋ ಹಕ್ಕಿ ಕೂಗಿತು. ಆಮೇಲೆ ಧಡಾರನೆ ನೀರು ಒಡೆದ ಸದ್ದು, ಜನರ ಚೀರಾಟ. ಹೋದ, ನನ್ನ ಅನಂತ ಹೋದ ಎಂದುಕೊಂಡೆ. ಆದರೂ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಇದ್ದೆ.

"ಹಲೋ, ಹರಿಣಿಜೀ?" ಅವನದೇ ದನಿ. ಏದುಸಿರು ಬಿಡುತ್ತಿದ್ದ. "ಕ್ಯಾ ಹುವಾ?"

"ಮೊಸಳೆ ರೀ! ದಿಮ್ಮಿ ಅಲ್ಲ ಅದು! ನೀರಿನ ಹತ್ತಿರ ಹೋಗ್ಬೇಡ್ರೀ, ನಿಮ್ಮ ದಮ್ಮಯ್ಯ! ಬುದ್ಧಿ ಇದೆಯೇನ್ರೀ ನಿಮಗೆ?" ಬಾಯಿಗೆ ಹಿಂದಿ ಬರಲೇ ಇಲ್ಲ.

"ಅದು ಈಗ ಮೆಟ್ಟಿಲ ಮೇಲಿದೆ," ಎಂದ. "ನಾನು ಬಿಟ್ಟು ಓಡಿಬಂದ ಬಕೆಟ್ ಅದರ ಬಾಯಲ್ಲಿದೆ." ಆಗಲೇ ಅವನಿಗೆ ಹೊಳೆಯಿತು. "ನಿಮಗೆ ಕನ್ನಡ ಬರುತ್ತಾ? ಹಾಗಾದ್ರೆ ಟೇಪಿನಲ್ಲಿ ನಾನು..."

"ಎಲ್ಲಾ ಕೇಳಿದೀನಿ. ಉತ್ತರ ಬೇಕಿದ್ರೆ ಜೀವ ಉಳಿಸ್ಕೊಂಡು ನೋಯ್ಡಾಕ್ಕೆ ಬನ್ನಿ."

"ಬರ್ತೀನಿ," ಎಂದ ಮೆಲ್ಲಗೆ. "ಹರಿಣಿ, ಕೈಕಾಲು ಇನ್ನೂ ನಡುಗ್ತಿದೆ. ಫೋನ್ ಇಡಬೇಡಿ. ಕನ್ನಡದಲ್ಲೇ ಇನ್ನೊಂದು ಸ್ವಲ್ಪ ಬೈರಿ."

ಬೈಯಲೆಂದು ಬಾಯಿ ತೆರೆದರೆ ಅಳು ಬಂತು.