ಬುರುಜಿನ ಮೆಟ್ಟಿಲಲ್ಲಿ ಮೂರು ಮುತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿದಿರಲಿಲ್ಲ. ವೈನೆಲ್ಲ ಒಡಿಲ್ ಅತ್ತೆಯ ಚೀಲದಲ್ಲಿತ್ತು. ಜುಲೈ ತಿಂಗಳ ಸುಡು ಮಧ್ಯಾಹ್ನ ಅತ್ತೆ, ನನ್ನ ಹೆಂಡತಿ ಸೊಲಾಂಜ್, ನಾನು ಬುತ್ತಿ ಕಟ್ಟಿಕೊಂಡು ಬೆಟ್ಟದ ಪಾಳು ಕೋಟೆಗೆ ಹೋಗಿದ್ದೆವು. ಅತ್ತೆ ಮೊದಲು, ಅವಳ ಹಿಂದೆ ಸೊಲಾಂಜ್ ಬುರುಜು ಹತ್ತಿಬಿಟ್ಟಿದ್ದರು.

"ಬೇಗ ಬಾರೋ ರೆಮಿ, ವೈನು ಬಿಸಿಯಾಗ್ತಿದೆ!" ಅತ್ತೆ ಮೇಲಿನಿಂದ ಕೂಗಿದಳು.

ಮೆಟ್ಟಿಲ ತಿರುವಿನ ಕತ್ತಲಲ್ಲಿ ಒಬ್ಬ ಹೆಂಗಸು ಎದುರಾಗಿ ಕೆನ್ನೆ ಒಡ್ಡಿದಳು. ಗುರುತಿನವಳೇ ಇರಬೇಕೆಂದು ನಾನೂ ಒಡ್ಡಿದೆ. ನಮ್ಮೂರಲ್ಲಿ ಗುರುತಿನವರು ಎದುರಾದರೆ ನಮಸ್ಕಾರದ ಬದಲು ಕೆನ್ನೆಗೊಂದರಂತೆ ಎರಡೇ ಮುತ್ತು. ಅವಳು ಮೂರು ಕೊಟ್ಟಳು. ಬಾವಿಯ ಕಲ್ಲಿನಷ್ಟು ತಣ್ಣಗಿನ ತುಟಿ. ಆಗತಾನೇ ಸುಟ್ಟ ಬ್ರೆಡ್ಡಿನ ವಾಸನೆ.

ಮೇಲೆ ಹೋಗಿ, "ಈಗ ಇಳಿದು ಹೋದವಳು ಯಾರು?" ಎಂದೆ.

"ನಮ್ಮನ್ನ ಬಿಟ್ರೆ ಇಲ್ಲಿ ಯಾರಿದ್ದಾರೆ? ಅಯ್ಯೋ, ಕೆನ್ನೆ ತುಂಬ ಹಿಟ್ಟು! ಯಾರಿಗೆ ಮುತ್ತು ಕೊಟ್ಟು ಬಂದ್ರಿ ಸಾಹೇಬ್ರು?" ಸೊಲಾಂಜ್ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಅತ್ತೆ ನಗಲಿಲ್ಲ. ಬಾಟಲಿ ಕೆಳಗಿಟ್ಟು, ತನ್ನ ಕೆನ್ನೆ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ನಿನಗೂ ಮೂರೇನೋ?"

ಎಷ್ಟು ಅಂತ ನಾನು ಯಾರಿಗೂ ಹೇಳಿರಲಿಲ್ಲ.