ಐಶುವಿನ ಚಪ್ಪಲಿ ಸಾಲು

ಸಭೆಯ ಕೋಣೆಯ ಬಾಗಿಲಲ್ಲಿ ಆ ಚಪ್ಪಲಿ ಕಂಡದ್ದೇ ತಡ, ಸುವರ್ಣಾಳ ಎದೆ ಧಸಕ್ಕೆಂದಿತು!

ಎಡಗಾಲಿನ ಪಟ್ಟಿಗೆ ಹಸಿರು ದಾರದ ಹೊಲಿಗೆ. ಹಾಕಿದ್ದು ಅವಳೇ, ಮನೆಯಲ್ಲಿ ಬೇರೆ ಬಣ್ಣದ ದಾರ ಸಿಗದ ಒಂದು ಬೆಳಿಗ್ಗೆ.

ನಾಲ್ಕು ವರ್ಷವಾದರೂ ಇನ್ನೂ ಮಾತು ಬಾರದ ಮಗಳು ಐಶ್ವರ್ಯಾಳಿಗೂ ಆ ಚಪ್ಪಲಿಯ ಗುರುತು ಸಿಕ್ಕಿತ್ತು. ಎಲ್ಲಿ ಹೋದರೂ ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು ಐಶುವಿನ ಕೆಲಸ. ಆ ಸಾಲನ್ನು ಯಾರಾದರೂ ಮುಟ್ಟಿದರೆ ಊರು ಕೇಳುವ ಹಾಗೆ ಚೀರುತ್ತಾಳೆ. ಇವತ್ತು ಮಾತ್ರ ಸಾಲೂ ಇಲ್ಲ, ಏನೂ ಇಲ್ಲ. ಆ ಒಂದು ಜೊತೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ಕೂತುಬಿಟ್ಟಳು.

'ಇವರು ಇಲ್ಲಿಗ್ಯಾಕೆ ಬಂದರು...? ತಿರುಗಿ ಹೋಗಿಬಿಡಲೇ?'

ಆದರೆ ಎರಡು ಬಸ್ ಬದಲಿಸಿ ಅತ್ತಿವೇರಿಯಿಂದ ಹಳಿಯಾಳಕ್ಕೆ ಬಂದಿದ್ದಳು. ಬೆಳವಣಿಗೆ ತಡವಾದ ಮಕ್ಕಳ ತಂದೆತಾಯಿಯರು ತಿಂಗಳಿಗೊಮ್ಮೆ ಇಲ್ಲಿ ಕೂತು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ ಎಂದು ಅಂಗನವಾಡಿ ಟೀಚರ್ ಒತ್ತಾಯ ಮಾಡಿ ಕಳಿಸಿದ್ದರು.

"ಬರ್ರಿ ಬರ್ರಿ, ತಡ ಆತು!" ಸಭೆ ನಡೆಸುವ ನಿರ್ಮಲಾ ಮೇಡಂ ಕೈಬೀಸಿದರು. "ಎಲ್ಲಾರೂ ಜೋಡಿ ಆಗ್ಯಾರ. ಆ ಮೂಲ್ಯಾಗ ಒಬ್ಬರ ಉಳದಾರ. ಅವರ ಎದುರಿಗೆ ಕುಂದರ್ರಿ."

ಮೂಲೆಯಲ್ಲಿ ಉಳಿದಿದ್ದವನು ದುಂಡೇಶ. ದಾಂಡೇಲಿಯ ಕಾಗದದ ಕಾರ್ಖಾನೆಯ ಕೆಲಸಗಾರ, ಸುವರ್ಣಾಳ ಗಂಡ! ಎಂಟು ತಿಂಗಳಿಂದ ಅವಳು ಮುಖ ನೋಡದ ಗಂಡ.

ಪಾಪ, ಮೇಡಂಗೆ ಏನು ಗೊತ್ತು? ಹಾವು ಮುಂಗುಸಿಯನ್ನು ಎದುರುಬದುರು ಕೂರಿಸಿ ನಗುತ್ತ ನಿಯಮ ಹೇಳಿದರು.

"ಒಬ್ಬರು ಐದು ನಿಮಿಷ ಮಾತಾಡೂದು, ಇನ್ನೊಬ್ಬರು ಬರೇ ಕೇಳೂದು. ನಡುವ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು. ಆಮ್ಯಾಲ ಪಾಳಿ ಬದಲಿ."

ಸುವರ್ಣಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಡಾಕ್ಟರು ಐಶುಗೆ ಆಟಿಸಂ ಇದೆ ಎಂದ ದಿನ ಅತ್ತೆ ಯಲ್ಲವ್ವ ಊಟದ ಹೊತ್ತಿಗೆ ಅಂದಿದ್ದಳು, "ನಮ್ಮ ಮನೆತನದಾಗ ಇಂಥಾ ಕೂಸು ಹುಟ್ಟಿಲ್ಲವ್ವಾ. ಇದು ತವರಿನ ಬಳುವಳಿ!" ಸುವರ್ಣಾ ಗಂಡನ ಕಡೆ ತಿರುಗಿ "ನಿಮಗೂ ಹಂಗ ಅನಸ್ತೈತೇನ್ರಿ?" ಎಂದು ಕೇಳಿದ್ದಳು. ಅವನು ಅರ್ಧ ರೊಟ್ಟಿ ಬಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದಿದ್ದ.

ಮೌನಂ ಸಮ್ಮತಿ ಲಕ್ಷಣಂ ಅನ್ನುತ್ತಾರಲ್ಲ! ಮರುದಿನವೇ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಆಮೇಲೆ ಅವನ ಫೋನ್ ಎತ್ತಲೇ ಇಲ್ಲ.

ಮೇಡಂ ಗಂಟೆ ಬಾರಿಸಿದರು. ಮೊದಲ ಪಾಳಿ ದುಂಡೇಶನದು.

"ಸುವರ್ಣಾ... ನಾನೂ ಐದು ವರ್ಷದ ತನಕ ಮಾತಾಡಿರಲಿಲ್ಲ."

ಅವಳು "ಏನ್..." ಎನ್ನುವಷ್ಟರಲ್ಲಿ ಮೇಡಂ ದೂರದಿಂದಲೇ ತುಟಿಗೆ ಬೆರಳಿಟ್ಟು ತೋರಿಸಿದರು.

"ಊರಾಗ ಮೂಕ ದುಂಡ್ಯಾ ಅಂತಿದ್ರು. ದಾಂಡೇಲಿಗೆ ಬಂದ ಮ್ಯಾಲ ಆ ಮಾತ ಎತ್ತಬ್ಯಾಡ ಅಂದ್ಲು ಅವ್ವ. ನಿನ್ನ ನೋಡಾಕ ಬಂದಾಗೂ ಮುಚ್ಚಿಟ್ಟಿವಿ. ಅವತ್ತ ಅವ್ವ ಅಂದದ್ದು ಸುಳ್ಳು ಅಂತ ನಂಗ ಗೊತ್ತಿತ್ತು. ಖರೇ ಹೇಳಿದ್ರ, ಮೋಸ ಮಾಡೀರಿ ಅಂತ ನೀ ಬಿಟ್ಟು ಹೋಗ್ತಿ ಅಂತ ಅಂಜಿದೆ. ಸುಮ್ಮನಿದ್ದೆ... ಸುಮ್ಮನಿದ್ದದ್ದಕ್ಕ ಹೋದಿ."

ಅವನು ಒಮ್ಮೆ ಮೇಡಂ ಕಡೆ ನೋಡಿ ಮುಂದುವರಿಸಿದ.

"ಐದು ತಿಂಗಳಿಂದ ಇಲ್ಲಿ ಬರಾಕ ಹತ್ತೇನಿ. ಇದು ಯಾರ ತಪ್ಪೂ ಅಲ್ಲ ಅಂತಾರ ಮೇಡಂ. ಹೋದ ವಾರ ಅವ್ವಗ ಹೇಳಿದೆ. ಬಳುವಳಿ ಅನ್ನೂದಿದ್ರ ನಂದು ಅನ್ನು, ಸುವರ್ಣಾಂದಲ್ಲ ಅಂತ."

ಮತ್ತೆ ಗಂಟೆ ಹೊಡೆಯಿತು. ಸುವರ್ಣಾಳ ಪಾಳಿ!

ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

"ಎಂಟು ತಿಂಗಳು ರೀ! ಬಸುರಿದ್ದಾಗ ಏನ್ ತಿಂದೆ, ಎಲ್ಲಿ ತಪ್ಪಿದೆ ಅಂತ ನೆನಸಿ ನೆನಸಿ ಸತ್ತೇನಿ. ಬಸ್ಸಿನ್ಯಾಗ ಕೂಸು ಚೀರಿದ್ರ ಜನಾ ನನ್ನ ಮಾರಿ ನೋಡ್ತಿದ್ರು. ನೀವು ಒಂದ ಮಾತ ಹೇಳಿದ್ರ... ಒಂದ ಮಾತ!"

ದುಂಡೇಶನ ಕಣ್ಣು ತುಂಬಿತು. ಬಾಯಿ ತೆರೆಯಲಿಲ್ಲ. ಆದರೆ ಈ ಸಲ ಎದ್ದೂ ಹೋಗಲಿಲ್ಲ. ಅವಳು ಬೈದದ್ದನ್ನೆಲ್ಲ ತಲೆ ಎತ್ತಿಯೇ ಕೇಳಿದ.

ಅದು ಅವಳಿಗೆ ಕಂಡಿತು. ಸಿಟ್ಟು ಮೆಲ್ಲಗೆ ಇಳಿಯಿತು.

"ನನ್ನ ಪಾಳಿ ಇನ್ನೂ ಎರಡು ನಿಮಿಷ ಐತಿ. ಅದನ್ನ ನಿಮಗ ಕೊಟ್ಟೆ," ಎಂದಳು. "ಮಾತು ಬರದಿದ್ದಾಗ ಹೆಂಗ ಅನಸ್ತಿತ್ತು? ಐಶು ಹೇಳೂದಿಲ್ಲ... ನೀವರೆ ಹೇಳ್ರಿ."

ಅವನು ಬಾಗಿಲಲ್ಲಿ ಕೂತ ಮಗಳ ಕಡೆ ನೋಡಿದ.

"ಮಾತು ಬರ್ತಿರಲಿಲ್ಲ ಅನ್ನೂದು ನೆನಪಿಲ್ಲ. 'ಮಾತಾಡು, ಮಾತಾಡು' ಅಂತ ಬೈತಿದ್ರಲ್ಲ, ಅದು ನೆನಪೈತಿ. ಬೈಯದ ಬಾಜೂಕ ಕುಂತವರೂ ನೆನಪದಾರ."

ಸುವರ್ಣಾ ಮುಖ ಮುಚ್ಚಿಕೊಂಡಳು. ಇವತ್ತು ಮುಂಜಾನೆ ಬಸ್ ನಿಲ್ದಾಣದಲ್ಲಿ ಮಗಳ ಗದ್ದ ಹಿಡಿದು 'ಅವ್ವಾ ಅನ್ನು, ಅನ್ನು!' ಎಂದು ಗದರಿದ್ದು ಬೇರಾರೂ ಅಲ್ಲ, ಅವಳೇ.

ಸಭೆ ಮುಗಿಯಿತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಕೊನೆಗೆ ಬಾಗಿಲಿಗೆ ಬಂದವರು ಇವರಿಬ್ಬರು, ಬಂದವರು ಅಲ್ಲೇ ನಿಂತರು.

ಅಂಗಳದಲ್ಲಿ ಸಾಲು ಸಿದ್ಧವಾಗಿತ್ತು! ಹಸಿರು ಹೊಲಿಗೆಯ ಚಪ್ಪಲಿ, ಪಕ್ಕದಲ್ಲಿ ಪುಟ್ಟ ಚಪ್ಪಲಿ, ಅದರ ಪಕ್ಕ ಸುವರ್ಣಾಳದು. ಒಂದಕ್ಕೊಂದು ತಾಗಿಸಿ ಇಟ್ಟು, ಐಶು ಮುಂದೆ ಕೂತು ನೋಡುತ್ತಿದ್ದಳು.

ದುಂಡೇಶ ತನ್ನ ಚಪ್ಪಲಿಗೆ ಕಾಲು ಚಾಚಿದ.

"ಮುಟ್ಟಬ್ಯಾಡ್ರಿ! ಚೀರತಾಳ."

"ನಿನ್ನ ಬಸ್ಸು?"

"ಈಗ ಬರ್ತೈತಿ... ಆದರ ಬರಿಗಾಲಾಗ ಹೆಂಗ ಹೋಗ್ಲಿ?"

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ನಡುವೆ ಒಂದು ಮೊಳ ಜಾಗ.

"ಅತ್ತಿ ಏನಂದ್ರು, ನೀವು ಹೇಳಿದ್ದಕ್ಕ?"

"ಮೂರು ದಿನಾ ಮಾತಾಡಲಿಲ್ಲ. ನಾಕನೇ ದಿನ 'ಕೂಸು ಯಾವಾಗ ಬರ್ತೈತಿ' ಅಂತ ಕೇಳಿದ್ಲು."

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು.

"ನನ್ನ ಬಸ್ ತಪ್ಪಿತು ನೋಡ್ರಿ!"

"ತಪ್ಪಲಿ. ಆಕಿ ತಾನ ತೆಗಿಯೂತನಕ ಕುಂದ್ರೂಣು." ದುಂಡೇಶ ಮಗಳ ಕಡೆಗೇ ನೋಡುತ್ತ, ಹೆದರಿ ಹೆದರಿ ಕೇಳಿದ. "ಆಮ್ಯಾಲ... ದಾಂಡೇಲಿಗೆ ಎಷ್ಟು ಟಿಕೀಟು ತಗೀಲಿ, ಸುವರ್ಣಾ?"

ಸುವರ್ಣಾ ಸಾಲನ್ನು ನೋಡಿದಳು. ಆ ಒಂದು ಮೊಳ ಜಾಗ ದಾಟಿ, ಅವನ ತೋಳಿಗೆ ತೋಳು ತಾಗುವ ಹಾಗೆ ಸರಿದು ಕೂತಳು.

"ಒಂದ ತಗೀರಿ ಸಾಕು," ಎಂದಳು. "ಐಶು ಸಣ್ಣಾಕಿ, ನಾನು ಹೆಣ್ಣಮಗಳು. ನಮಗ ಇಬ್ಬರಿಗೂ ಬಸ್ ಪುಕ್ಕಟೆ ಐತಿ, ಮರತ್ರೇನು?"